ಕೋವಿಯ ಮರ, ಅದರ ಮೆರುಗು: ಒಂದಿಷ್ಟು ಇತಿಹಾಸ, ಒಂದಿಷ್ಟು ಆರೈಕೆ

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ನಮ್ಮ ಸಂಘದ ಕಾರ್ಯದರ್ಶಿಗಳು ಕೇಳಿದಾಗ ನಾನು ಹಿಂದೇಟು ಹಾಕಿದೆ. ಸಹಕಾರ ತತ್ವದ ಬಗ್ಗೆ, ಕಾಫಿ ಧಾರಣೆಯ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲವರು ನಮ್ಮ ಸದಸ್ಯರಲ್ಲೇ ಬೇಕಾದಷ್ಟು ಮಂದಿ ಇದ್ದಾರೆ. "ಹಾಗಾದರೆ ಕೋವಿ ಬಗ್ಗೆ ಬರೀರಿ. ಸಂಘದ ಜಗಲೀಲಿ ಕೂತು ಬಂದವರಿಗೆಲ್ಲ ಅದನ್ನೇ ಹೇಳ್ತಾ ಇರ್ತೀರಲ್ಲ" ಎಂದರು. ಮಾತು ನಿಜ. ಸಾಲ ನವೀಕರಣಕ್ಕೆ ಬಂದವರು, ಗೊಬ್ಬರಕ್ಕೆ ಚೀಟಿ ಬರೆಸಲು ಬಂದವರು ಕೈಲ್ ಪೊಳ್ದ್ ಹತ್ತಿರವಾದಾಗ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಕೋವಿಯ ಮರ ಕಪ್ಪಗಾಗಿದೆ, ಏನು ಹಚ್ಚಲಿ?" ಒಬ್ಬೊಬ್ಬರಿಗೂ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಇಲ್ಲಿ ಹೇಳಿಬಿಡುತ್ತೇನೆ.

ಕೋವಿಯ ಹಿಂಭಾಗದ, ಹೆಗಲಿಗೆ ಆನಿಸುವ ಮರವನ್ನು ಕೆಲವರು ಬಟ್ಟು ಎನ್ನುತ್ತಾರೆ. ನಾನು ಇಲ್ಲಿ ಕೋವಿಯ ಮರ ಎಂದೇ ಕರೆಯುತ್ತೇನೆ. ನಳಿಗೆಯ ಬಗ್ಗೆ, ಕುದುರೆಯ ಬಗ್ಗೆ ತಿಳಿದವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಮರದ ಬಗ್ಗೆ ಯೋಚಿಸುವವರು ಕಡಿಮೆ. ಹಾಗಾಗಿ ಕೋವಿಗಳು ಕೆಡುವುದು ಹೆಚ್ಚಾಗಿ ಅಲ್ಲಿಯೇ.

ಕೊಡಗಿನಲ್ಲಿ ಕೋವಿಗೂ ಮನೆತನಕ್ಕೂ ಇರುವ ನಂಟನ್ನು ಇಲ್ಲಿನವರಿಗೆ ವಿವರಿಸಬೇಕಾಗಿಲ್ಲ. ಆದರೂ ಈಗಿನ ಮಕ್ಕಳಿಗಾಗಿ ಎರಡು ಮಾತು. 1857ರ ದಂಗೆಯ ನಂತರ ಬ್ರಿಟಿಷರು ದೇಶದಾದ್ಯಂತ ಜನರ ಆಯುಧಗಳನ್ನು ಕಿತ್ತುಕೊಳ್ಳುತ್ತಿದ್ದಾಗ, 1861ರ ಫೆಬ್ರವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಅದರಿಂದ ವಿನಾಯಿತಿ ಕೊಟ್ಟರು. ಮುಂದೆ ಕಾಯಿದೆಗಳು ಬದಲಾದರೂ, 1959ರ ಆಯುಧ ಕಾಯಿದೆ ಬಂದ ಮೇಲೂ, ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಆ ವಿನಾಯಿತಿ ಒಂದಲ್ಲ ಒಂದು ರೂಪದಲ್ಲಿ ಮುಂದುವರಿಯಿತು. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿದ ಅರ್ಜಿಯಲ್ಲಿ ನಮ್ಮ ಹೈಕೋರ್ಟು 2021ರ ಸೆಪ್ಟೆಂಬರಿನಲ್ಲಿ ವಿನಾಯಿತಿಯನ್ನೇ ಎತ್ತಿಹಿಡಿಯಿತು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ನಾಡು ಇದು. ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ ಸಿಕ್ಕಿಸಿ ದೀಪದ ಮುಂದೆ ಇಡುತ್ತೇವೆ. ತೋಕ್ ಎಂದರೆ ಕೋವಿಯೇ ತಾನೆ! ಬಯಲುಸೀಮೆಯವರು ಅದೇ ಹೂವನ್ನು ಗೌರಿ ಹೂ ಎನ್ನುತ್ತಾರೆ.

ಈಗ ನನ್ನ ತಪ್ಪನ್ನು ಹೇಳಿಕೊಳ್ಳುತ್ತೇನೆ. 1979ರ ಮಾತು. ನಾನು ಆಗ ಹೊರಗೆ ಓದುತ್ತಿದ್ದ ಹುಡುಗ, ಹಬ್ಬಕ್ಕೆ ಮನೆಗೆ ಬಂದಿದ್ದೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಜೋಡುನಳಿಗೆ ಕೋವಿ. ಅದು ಅವರ ತಂದೆ ಕೊಂಡದ್ದು. ಮರ ಕಪ್ಪುಗಂದು, ಅಲ್ಲಲ್ಲಿ ತಗ್ಗು, ಕೆನ್ನೆ ಆನಿಸುವ ಜಾಗ ಮಾತ್ರ ಹುಣಸೆಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಹಬ್ಬದ ಹೊತ್ತಿಗೆ ಇದನ್ನು ಹೊಸದು ಮಾಡಿ ಅಜ್ಜನಿಗೆ ತೋರಿಸಬೇಕೆಂದು ಪೇಟೆಯಿಂದ ಉಪ್ಪುಕಾಗದ, ಒಂದು ಡಬ್ಬಿ ಕೋಪಲ್ ವಾರ್ನಿಷ್ ತಂದೆ. ಎರಡು ದಿನ ತಿಕ್ಕಿದೆ. ಕಪ್ಪೆಲ್ಲ ಹೋಗಿ ಒಳಗಿನ ಹೊಂಬಣ್ಣ ಬಂತು. ಮೇಲೆ ಎರಡು ಕೋಟು ವಾರ್ನಿಷ್ ಎಳೆದೆ. ಗಾಜಿನ ಹಾಗೆ ಹೊಳೆಯಿತು. ಅಜ್ಜ ಬಂದು ಕೋವಿ ಎತ್ತಿಕೊಂಡು ಕೆನ್ನೆಗೆ ಇಟ್ಟರು, ಕೆಳಗಿಳಿಸಿದರು, ಬೆರಳಿನಿಂದ ಒಮ್ಮೆ ಸವರಿದರು. "ಇದು ಯಾರ ಕೋವಿ ಮಗ?" ಎಂದಷ್ಟೇ ಕೇಳಿದರು. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ.

ಮರುವರ್ಷದ ಮಳೆಗಾಲಕ್ಕೆ ಆ ಗಾಜು ಅಲ್ಲಲ್ಲಿ ಬೆಳ್ಳಗಾಗಿ ಸಿಪ್ಪೆ ಎದ್ದಿತು. ಎಣ್ಣೆ ಕುಡಿದ ಮರದ ಮೇಲೆ ವಾರ್ನಿಷ್ ಕಚ್ಚಿಕೊಂಡೇ ಇರಲಿಲ್ಲ. ಅದಕ್ಕಿಂತ ದೊಡ್ಡ ಕೇಡು ಇನ್ನೊಂದಿತ್ತು. ಮರ ಕಬ್ಬಿಣಕ್ಕೆ ಸೇರುವ ಕಡೆ ಮೊದಲು ಮರವೇ ಕೂದಲೆಳೆಯಷ್ಟು ಎತ್ತರವಿತ್ತು. ನಾನು ತಿಕ್ಕಿ ತಿಕ್ಕಿ ಅದನ್ನು ಕಬ್ಬಿಣಕ್ಕಿಂತ ಕೆಳಗಿಳಿಸಿದ್ದೆ. ಒಳ್ಳೆಯ ಕೋವಿ ಮಾಡುವವರು ಬೇಕೆಂದೇ ಮರವನ್ನು ಒಂದಿಷ್ಟು ಎತ್ತರ ಬಿಡುತ್ತಾರೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ನಮ್ಮ ಊರಿನಲ್ಲಿ ಸೈನ್ಯದಲ್ಲಿ ಆರ್ಮರರ್ ಆಗಿ ನಿವೃತ್ತರಾದ ಹಿರಿಯರೊಬ್ಬರಿದ್ದರು. ಎಲ್ಲರೂ ಅವರನ್ನು ಹವಾಲ್ದಾರಜ್ಜ ಎನ್ನುತ್ತಿದ್ದರು. ಕೋವಿಯನ್ನು ಹೊತ್ತು ಅವರ ಮನೆಗೆ ಹೋದೆ. "ತೆಗೆದ ಮರ ವಾಪಸು ಬರೋದಿಲ್ಲ. ಉಳಿದದ್ದನ್ನ ನೋಡೋಣ. ಮೊದಲು ಅದರ ಮೇಲೆ ಏನಿತ್ತು ಅಂತ ಗೊತ್ತುಮಾಡ್ಕೊಳ್ದೆ ಯಾಕೆ ಕೈ ಹಾಕ್ದೆ?" ಎಂದರು. ಇಲ್ಲಿ ಬರೆಯುತ್ತಿರುವುದರಲ್ಲಿ ಅರ್ಧ ಅವರಿಂದ ಕಲಿತದ್ದು, ಉಳಿದರ್ಧ ಆಮೇಲೆ ಓದಿ, ಮಾಡಿ ನೋಡಿ ತಿಳಿದದ್ದು.

ಮೊದಲು ಮರದ ವಿಚಾರ. ವಿಲಾಯಿತಿ ಕೋವಿಗಳ ಮರ ಬಹುಪಾಲು ಅಕ್ರೋಟು. ಹೌದು, ನಾವು ಹಬ್ಬಕ್ಕೆ ತಿನ್ನುವ ಅದೇ ಅಕ್ರೋಟು. ನಮ್ಮ ದೇಶದಲ್ಲಿ ಅದು ಕಾಶ್ಮೀರದ ಕಡೆ ಬೆಳೆಯುತ್ತದೆ. ತೂಕಕ್ಕೆ ಹಗುರ, ಗುಂಡಿನ ಒದೆತಕ್ಕೆ ಬೇಗ ಸೀಳುವುದಿಲ್ಲ, ಹವೆ ಬದಲಾದರೆ ಹೆಚ್ಚು ಸೊಟ್ಟಗಾಗುವುದಿಲ್ಲ, ಸಣ್ಣ ಚೌಕಳಿ ಗೆರೆ ಕೊರೆದರೂ ಅಂಚು ಮುರಿಯುವುದಿಲ್ಲ. ಇಷ್ಟು ಗುಣ ಒಂದೇ ಮರದಲ್ಲಿ ಸಿಗುವುದು ಅಪರೂಪ. ನಮ್ಮಲ್ಲಿ ಮರ ಮುರಿದಾಗ ಬೀಟೆಯಲ್ಲೋ ತೇಗದಲ್ಲೋ ಮಾಡಿಸಿದ ಕೋವಿಗಳೂ ಇವೆ. ಬೀಟೆ ನೋಡಲು ಚೆಂದ, ಆದರೆ ಭಾರ. ಅಲ್ಲದೆ ಅದರೊಳಗಿನ ಎಣ್ಣೆಯಂಶ ಮೇಲೆ ಹಚ್ಚಿದ ಅಗಸೆ ಎಣ್ಣೆಯನ್ನು ಬೇಗ ಒಣಗಲು ಬಿಡುವುದಿಲ್ಲ. ಬೀಟೆಯ ಕೋವಿ ಇರುವವರು ಇದನ್ನು ನೆನಪಿಡಬೇಕು.

ಇನ್ನು ಮೆರುಗು. 1854ರ ಸುಮಾರಿಗೆ ಮಡಿಕೇರಿಯ ಬಳಿ ಯುರೋಪಿಯನ್ನರು ಕಾಫಿ ತೋಟ ಶುರುಮಾಡಿದ ಮೇಲೆ ಅವರ ಜೊತೆಗೆ ಅವರ ಕೋವಿಗಳೂ ಬಂದವು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, ಲಂಡನ್, ಬೆಲ್ಜಿಯಮ್ಮಿನ ಲಿಯೇಜ್ ಇವು ಕೋವಿ ಮಾಡುವ ಊರುಗಳು. ನಳಿಗೆಯ ಮೇಲೆ ಮದ್ರಾಸು, ಕಲ್ಕತ್ತದ ಅಂಗಡಿಯ ಹೆಸರು ಕೊರೆದಿದ್ದರೂ ಮಾಡಿದ್ದು ಬಹುಮಟ್ಟಿಗೆ ಆ ಊರುಗಳಲ್ಲೇ. ನಳಿಗೆ ಕಳಚಿ ತಳಭಾಗ ನೋಡಿದರೆ ಪರೀಕ್ಷೆಯ ಮುದ್ರೆಗಳಿರುತ್ತವೆ. ಮೊಟ್ಟೆಯಾಕಾರದ ಗೆರೆಯೊಳಗೆ ಇ.ಎಲ್.ಜಿ. ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಲಿಯೇಜಿನದು.

ಒಳ್ಳೆಯ ಇಂಗ್ಲಿಷ್ ಕೋವಿಗಳಿಗೆ ಹಚ್ಚುತ್ತಿದ್ದುದು ಅಗಸೆ ಎಣ್ಣೆ. ಧಾರವಾಡ, ಬಿಜಾಪುರದ ಕಡೆಯವರು ಚಟ್ನಿಪುಡಿ ಮಾಡುವ ಅಗಸೆಯೇ. ಆ ಎಣ್ಣೆಗೆ ಆಲ್ಕನೆಟ್ ಎಂಬ ಬೇರನ್ನು ನೆನೆಹಾಕಿ ಕೆಂಪು ಬಣ್ಣ ಬರಿಸುತ್ತಿದ್ದರು. ನಮ್ಮ ಗ್ರಂದಿಗೆ ಅಂಗಡಿಯಲ್ಲಿ ರತನ್‌ಜೋತ್ ಎಂದು ಸಿಗುವ ಬೇರು ಅದೇ ವಂಶದ್ದು. ಆ ಕೆಂಪೆಣ್ಣೆಯನ್ನು ಹನಿಹನಿಯಾಗಿ ಹಾಕಿ, ಅಂಗೈಯಿಂದ ತಿಕ್ಕಿ ತಿಕ್ಕಿ ಬಿಸಿಮಾಡಿ, ಒಣಗಲು ಬಿಟ್ಟು, ಮತ್ತೆ ತಿಕ್ಕಿ, ಹೀಗೆ ವಾರಗಟ್ಟಲೆ ಮಾಡುತ್ತಿದ್ದರು. ಆಗ ಎಣ್ಣೆ ಮರದ ಮೇಲೆ ಪದರವಾಗಿ ಕೂರುವುದಿಲ್ಲ, ಒಳಗಿಳಿದು ಗಟ್ಟಿಯಾಗುತ್ತದೆ. ನಮ್ಮ ಅಜ್ಜನ ಕೋವಿಯ ಮೇಲೆ ಇದ್ದದ್ದು ಇದೇ. ಅದರ ಮೇಲೆ ಮೂರು ತಲೆಮಾರಿನ ಕೈಯ ಬೆವರು, ಕೆನ್ನೆಯ ಜಿಡ್ಡು, ಒಲೆಯ ಹೊಗೆ ಸೇರಿ ಆ ಕಪ್ಪುಗಂದು ಬಂದಿತ್ತು. ಅದನ್ನೇ ನಾನು ಕೊಳೆ ಎಂದುಕೊಂಡದ್ದು.

ಕಡಿಮೆ ಬೆಲೆಯ ಕೋವಿಗಳಿಗೆ ಅಷ್ಟು ಹೊತ್ತು ತಿಕ್ಕುತ್ತಾ ಕೂರುವವರು ಯಾರು? ಅವುಗಳಲ್ಲಿ ಅನೇಕಕ್ಕೆ ಹಾಕುತ್ತಿದ್ದುದು ಅರಗಿನ ಪಾಲಿಶ್. ನಮ್ಮ ಬಡಗಿಗಳು ಸ್ಪಿರಿಟ್ ಪಾಲಿಶ್ ಅಥವಾ ಫ್ರೆಂಚ್ ಪಾಲಿಶ್ ಎನ್ನುವುದು ಇದನ್ನೇ. ತಮಾಷೆಯೆಂದರೆ ಹೆಸರು ಫ್ರೆಂಚರದ್ದು, ಸರಕು ನಮ್ಮದು. ಅರಗು ಎಂದರೆ ಮುತ್ತುಗ, ಬೋರೆ ಮೊದಲಾದ ಮರಗಳ ಕೊಂಬೆಯ ಮೇಲೆ ಒಂದು ಸಣ್ಣ ಹುಳು ಕಟ್ಟುವ ಅಂಟು. ಈಗಿನ ಜಾರ್ಖಂಡಿನ ಕಡೆ ಅದು ಹೆಚ್ಚು. ಅಲ್ಲಿಂದ ಹಡಗು ಹತ್ತಿ ವಿಲಾಯಿತಿಗೆ ಹೋಗಿ, ಕೋವಿಯ ಮೇಲೆ ಕೂತು ಮತ್ತೆ ನಮ್ಮಲ್ಲಿಗೇ ಬಂತು. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಾಕುವವರನ್ನು ನೋಡಿದ್ದೀರಾ? ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅದು ಕರಗಿ ಅಂಟಿಕೊಳ್ಳುತ್ತದೆ. ಇದರಿಂದ ಅರಗಿನ ಗುಣ ತಿಳಿಯುತ್ತದೆ: ಬಿಸಿಗೆ ಕರಗುತ್ತದೆ, ಸ್ಪಿರಿಟ್ಟಿಗೆ ಕರಗುತ್ತದೆ, ನೀರು ನಿಂತರೆ ಬೆಳ್ಳಗಾಗುತ್ತದೆ. ನಮ್ಮ ಮಳೆಗೆ ಹೇಳಿ ಮಾಡಿಸಿದ ಶತ್ರು.

1920ರ ದಶಕದಲ್ಲಿ ನೈಟ್ರೋ ಸೆಲ್ಯುಲೋಸ್ ಲ್ಯಾಕರ್ ಬಂತು. ಮೊದಲು ಮೋಟಾರು ಕಾರುಗಳಿಗೆ, ಆಮೇಲೆ ಪೀಠೋಪಕರಣಕ್ಕೆ, ಕೋವಿಗೆ. ತೋಟಾದೊಳಗಿನ ಹೊಗೆ ಬಾರದ ಮದ್ದಿಗೂ ಇದಕ್ಕೂ ಮೂಲವಸ್ತು ಒಂದೇ ಎಂದರೆ ನಂಬುತ್ತೀರೋ ಇಲ್ಲವೋ! 1960ರ ದಶಕದಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪನಿ ಬೌಲಿಂಗ್ ಆಟದ ಮರದ ಗೂಟಗಳಿಗೆಂದು ತಯಾರಾಗಿದ್ದ ಒಂದು ಗಟ್ಟಿ ಪ್ಲಾಸ್ಟಿಕ್ ಮೆರುಗನ್ನು ಕೋವಿಗೆ ಹಾಕತೊಡಗಿತು. ಈಗ ಪಾಲಿಯುರಿಥೇನ್ ಎಂಬ ಹೆಸರಿನಲ್ಲಿ ನಮ್ಮ ಪೇಂಟ್ ಅಂಗಡಿಯಲ್ಲೂ ಸಿಗುವುದು ಇದರ ಬಂಧುವೇ. ನೀರಿಗೆ ಜಗ್ಗುವುದಿಲ್ಲ, ನಿಜ. ಆದರೆ ಒಮ್ಮೆ ಪೆಟ್ಟಾಗಿ ಸಿಪ್ಪೆ ಎದ್ದರೆ ತೇಪೆ ಹಾಕಲು ಬರುವುದಿಲ್ಲ, ಪೂರ್ತಿ ತೆಗೆದೇ ಹಾಕಬೇಕು.

ಈಗ ಗುರುತಿಸುವ ಬಗೆ. ಎಲ್ಲಕ್ಕೂ ಮೊದಲು ಕೋವಿ ಖಾಲಿ ಇದೆಯೇ ಎಂದು ಎರಡು ನಳಿಗೆಯನ್ನೂ ಬೆಳಕಿಗೆ ಹಿಡಿದು ನೋಡಿ, ನಳಿಗೆ ಕಳಚಿ ಬೇರೆ ಕಡೆ ಇಡಿ. "ಖಾಲಿ ಇದೆ ಅಂತ ಗೊತ್ತು" ಎನ್ನುವವರಿಂದಲೇ ಅನಾಹುತವಾಗುವುದು.

ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮರದ ಸಣ್ಣ ಸಣ್ಣ ರಂಧ್ರ, ಎಳೆ ಕೈಗೆ ಸಿಕ್ಕುವಂತಿದ್ದು ಹೊಳಪು ಮಂದವಾಗಿದ್ದರೆ ಎಣ್ಣೆಯ ಮೆರುಗಿರಬಹುದು. ಗಾಜಿನ ಪದರ ಮುಚ್ಚಿದ ಹಾಗಿದ್ದರೆ ಬೇರೆ ಏನೋ. ಹಳೆಯ ಕೋವಿಯ ಮೇಲೆ ಮೊಸಳೆ ಚರ್ಮದಂತೆ ಬಿರುಕುಗಳಿದ್ದರೆ ಅರಗೋ ಹಳೆಯ ವಾರ್ನಿಷ್ಷೋ ಇರುವ ಸಂಭವ ಹೆಚ್ಚು. ಕಣ್ಣಂದಾಜು ಇಷ್ಟೇ. ಖಾತ್ರಿಗೆ ಒಂದು ಹನಿಯ ಪರೀಕ್ಷೆ ಮಾಡಬೇಕು, ಅದೂ ಹೊರಗೆ ಕಾಣದ ಜಾಗದಲ್ಲಿ. ಹೆಗಲಿಗೆ ತಾಗುವ ತುದಿಯ ಪಟ್ಟಿಯನ್ನು ಬಿಚ್ಚಿದರೆ ಅದರಡಿಯ ಅಂಚಿಗೆ ಸ್ವಲ್ಪ ಮೆರುಗು ಇಳಿದಿರುತ್ತದೆ, ಅಲ್ಲಿ. ಮೊದಲು ಆ ಜಾಗವನ್ನು ಒರೆಸಿ ಒಂದು ಹನಿ ಅಗಸೆ ಎಣ್ಣೆ ಇಡಿ. ನಿಧಾನಕ್ಕೆ ಹೀರಿಕೊಂಡರೆ ಎಣ್ಣೆ ಮೆರುಗು. ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಮೇಲೆಯೇ ನಿಂತರೆ ಪದರವಿದೆ. ಅದನ್ನು ಒರೆಸಿ ಕಡ್ಡಿಗೆ ಹತ್ತಿ ಸುತ್ತಿ ಪಾಲಿಶ್ ಸ್ಪಿರಿಟ್ ಮುಟ್ಟಿಸಿ ನೋಡಿ. ಅಂಟಂಟಾಗಿ ಹತ್ತಿಗೆ ಕಂದು ಬಣ್ಣ ಬಂದರೆ ಅರಗು. ಏನೂ ಆಗದಿದ್ದರೆ ಲ್ಯಾಕರ್ ಥಿನ್ನರ್ ಮುಟ್ಟಿಸಿ. ಮೆತ್ತಗಾಗಿ ಕರಗಿದರೆ ನೈಟ್ರೋ ಲ್ಯಾಕರ್, ಸುಕ್ಕುಗಟ್ಟಿ ಎದ್ದರೆ ವಾರ್ನಿಷ್, ಜಪ್ಪಯ್ಯ ಎಂದರೂ ಅಲ್ಲಾಡದಿದ್ದರೆ ಪಾಲಿಯುರಿಥೇನ್. ಈ ಕ್ರಮ ತಪ್ಪಿಸಬಾರದು. ಥಿನ್ನರ್ ಅರಗನ್ನೂ ಮೆತ್ತಗೆ ಮಾಡುತ್ತದೆ, ಅದನ್ನು ಮೊದಲೇ ಹಾಕಿದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ದೀಪ, ಒಲೆ, ಬೀಡಿ ಯಾವುದೂ ಹತ್ತಿರ ಬೇಡ.

ಎಣ್ಣೆಯ ಮೆರುಗು ಎಂದು ಗೊತ್ತಾದರೆ ನೀವು ಅದೃಷ್ಟವಂತರು. ಮೆತ್ತನೆ ಬಟ್ಟೆಗೆ ಚೂರು ಟರ್ಪೆಂಟೈನ್ ಹಾಕಿ ಮೇಲಿನ ಕೊಳೆಯನ್ನು ಮಾತ್ರ ಒರೆಸಿ. ಚೌಕಳಿ ಗೆರೆಯೊಳಗಿನ ಕೊಳೆಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಆಮೇಲೆ ಎರಡು ಹನಿ, ಎಣಿಸಿ ಎರಡೇ ಹನಿ, ಬೇಯಿಸಿದ ಅಗಸೆ ಎಣ್ಣೆ ಎಂದು ಪೇಂಟ್ ಅಂಗಡಿಯಲ್ಲಿ ಮಾರುವುದನ್ನು ಅಂಗೈಗೆ ಹಾಕಿ ಮರ ಬಿಸಿಯಾಗುವ ತನಕ ತಿಕ್ಕಿ. ಹತ್ತಿಪ್ಪತ್ತು ನಿಮಿಷ ಬಿಟ್ಟು ಒಣಬಟ್ಟೆಯಲ್ಲಿ ಉಳಿದದ್ದನ್ನೆಲ್ಲ ತೆಗೆಯಿರಿ. ಹೆಚ್ಚು ಹಾಕಿದರೆ ಹೆಚ್ಚು ಹೊಳಪು ಬರುವುದಿಲ್ಲ, ಅಂಟು ಬರುತ್ತದೆ. ಪೂರಾ ಬರಿಮರವಾಗಿದ್ದರೆ ಹಳಬರ ಲೆಕ್ಕ ಹೀಗೆ: ದಿನಕ್ಕೊಮ್ಮೆಯಂತೆ ಒಂದು ವಾರ, ವಾರಕ್ಕೊಮ್ಮೆಯಂತೆ ಒಂದು ತಿಂಗಳು, ತಿಂಗಳಿಗೊಮ್ಮೆಯಂತೆ ಒಂದು ವರ್ಷ, ಆಮೇಲೆ ವರ್ಷಕ್ಕೊಮ್ಮೆ. ಎಣ್ಣೆ ಒಂದೇ ನಮ್ಮ ಮಳೆಯನ್ನು ಪೂರ್ತಿ ತಡೆಯುವುದಿಲ್ಲ. ಅದು ಚೆನ್ನಾಗಿ ಒಣಗಿದ ಮೇಲೆ ಟರ್ಪೆಂಟೈನಿನಲ್ಲಿ ಕರಗಿಸಿದ ಜೇನುಮೇಣವನ್ನು ತೆಳ್ಳಗೆ ಸವರಿದರೆ ನೀರು ಸ್ವಲ್ಪ ಜಾರುತ್ತದೆ.

ಒಂದು ಅಪಾಯದ ಮಾತು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ, ಉಂಡೆಯೊಳಗೆ ಬಿಸಿ ಹೋಗಲು ದಾರಿಯಿಲ್ಲದೆ ಬೆಂಕಿ ಹತ್ತಿಕೊಳ್ಳುತ್ತದೆ. ಕಡ್ಡಿ ಗೀರಬೇಕಾಗಿಲ್ಲ. ಬಟ್ಟೆಯನ್ನು ಹೊರಗೆ ಬಿಡಿಸಿ ಒಣಹಾಕಿ, ಇಲ್ಲವೇ ನೀರಿನಲ್ಲಿ ಅದ್ದಿಡಿ. ಕಾಫಿ ಚೀಲ, ಸೌದೆ ಇರುವ ಕೊಟ್ಟಿಗೆಯಲ್ಲಿ ಇಂಥ ಒಂದು ಚಿಂದಿ ಸಾಕು.

ತೆಂಗಿನೆಣ್ಣೆ ಹಚ್ಚಬಹುದೇ ಎಂದು ಹೆಂಗಸರು ಕೇಳುತ್ತಾರೆ. ಬೇಡ. ಅದು ಒಣಗುವ ಜಾತಿಯ ಎಣ್ಣೆಯಲ್ಲ, ಜಿಡ್ಡಾಗಿ ಉಳಿದು ಧೂಳು ಹಿಡಿಯುತ್ತದೆ. ನಳಿಗೆಗೆ ಹಾಕುವ ಎಣ್ಣೆಯಂತೂ ಮರದ ಹತ್ತಿರವೇ ಸುಳಿಯಬಾರದು. ನಾವು ಕೋವಿಗೆ ಎಣ್ಣೆ ಬಿಟ್ಟು ನಳಿಗೆ ಮೇಲೆ ಮಾಡಿ ಗೋಡೆಗೆ ಒರಗಿಸಿಬಿಡುತ್ತೇವೆ. ಎಣ್ಣೆ ವರ್ಷಗಟ್ಟಲೆ ಕೆಳಗಿಳಿದು ಕಬ್ಬಿಣಕ್ಕೆ ಸೇರುವ ಕಡೆಯ ಮರವನ್ನು ಕಪ್ಪಾಗಿಸಿ ಮೆದು ಮಾಡುತ್ತದೆ. ಗುಂಡಿನ ಒದೆತ ಬೀಳುವುದೂ ಅಲ್ಲಿಯೇ, ಬಿರುಕು ಬಿಡುವುದೂ ಅಲ್ಲಿಯೇ. ಎಣ್ಣೆ ಹಾಕಿದ ದಿನ ಕೋವಿಯನ್ನು ನಳಿಗೆ ಕೆಳಗೆ ಮಾಡಿ, ಅಡಿಗೆ ಬಟ್ಟೆ ಇಟ್ಟು ನಿಲ್ಲಿಸಿ. ಆಗಲೇ ಎಣ್ಣೆ ಕುಡಿದಿದ್ದರೆ ಮೆರುಗಿಲ್ಲದ ಒಳಭಾಗಕ್ಕೆ ನಯವಾದ ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲಸಿ ಮೆತ್ತಿ, ಒಣಗಿದ ಮೇಲೆ ಉದುರಿಸಿ. ಕೆಲವು ಸಲ ಮಾಡಬೇಕಾಗುತ್ತದೆ. ಬಿರುಕು ಕಂಡರೆ ಮಾತ್ರ ಆ ಕೋವಿಯಿಂದ ಗುಂಡು ಹಾರಿಸುವುದು ಬೇಡ. ಪರವಾನಗಿ ಇರುವ ದುರಸ್ತಿ ಅಂಗಡಿಗೇ ತೋರಿಸಿ.

ಅರಗಿನ ಪಾಲಿಶ್ಶಿನ ಕೋವಿಗೆ ಒಣಬಟ್ಟೆ, ಮೇಲೆ ಒಂದಿಷ್ಟು ಮೇಣ, ಅಷ್ಟೇ. ಸವೆದ ಕಡೆ ಹೊಸ ಅರಗಿನ ಪಾಲಿಶ್ ಹಾಕಿದರೆ ಹಳೆಯದರ ಜೊತೆ ಕರಗಿ ಒಂದಾಗುತ್ತದೆ, ಅದು ಅದರ ದೊಡ್ಡ ಗುಣ. ಪೂಜೆಯ ದಿನ ಗಂಧ, ಕುಂಕುಮ ಇಟ್ಟರೆ ಅಂದು ಸಂಜೆಯೇ ಒರೆಸಿಬಿಡಿ, ಒದ್ದೆ ಗಂಧ ಹಾಗೇ ಉಳಿದರೆ ಬಿಳಿ ಕಲೆ ಬೀಳುತ್ತದೆ. ದೇವರೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಮರದಲ್ಲಿ ತಗ್ಗು ಬಿದ್ದಿದ್ದರೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆ ಮುಟ್ಟಿಸಿ ಹಬೆ ಕೊಟ್ಟರೆ ಮೇಲೇಳುತ್ತದೆ. ಇದು ಎಣ್ಣೆ ಮೆರುಗಿಗೆ ಮಾತ್ರ. ಅರಗಿಗೆ ಬಿಸಿ ತಗುಲಿದರೆ ಏನಾಗುತ್ತದೆಂದು ಚನ್ನಪಟ್ಟಣದ ಉದಾಹರಣೆಯಲ್ಲೇ ಹೇಳಿದ್ದೇನೆ. ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಕೋವಿ ಮುಚ್ಚಿಡುವುದು ಬೂಷ್ಟು ಬೆಳೆಸಿದ ಹಾಗೆ. ಚೀಲ ಬೇಡ, ಗಾಳಿಯಾಡುವ ಬೀಗದ ಕಪಾಟು ಇರಲಿ.

ನಮ್ಮ ಕೋವಿಗೆ ಹವಾಲ್ದಾರಜ್ಜ ಮಾಡಿದ್ದು ಏನು ಎಂದು ಹೇಳಲಿಲ್ಲ. ಉಪ್ಪುಕಾಗದವನ್ನು ನನ್ನ ಕೈಯಿಂದಲೇ ಒಲೆಗೆ ಹಾಕಿಸಿದರು. ಪೇಂಟ್ ರಿಮೂವರ್ ಹಚ್ಚಿ ವಾರ್ನಿಷ್ ಎಬ್ಬಿಸಿದೆವು. ಹಬೆ ಕೊಟ್ಟು ಮರವನ್ನು ಎಬ್ಬಿಸಲು ನೋಡಿದರು, ಒಂದಿಷ್ಟು ಎದ್ದಿತು, ಪೂರ್ತಿ ಇಲ್ಲ. ಈಗಲೂ ಕಬ್ಬಿಣದ ಅಂಚು ಬೆರಳಿಗೆ ತಾಗುತ್ತದೆ. ಆಮೇಲೆ ಹಳಬರ ಲೆಕ್ಕದಂತೆ ಒಂದು ವರ್ಷ ಅಂಗೈಯಲ್ಲಿ ಎಣ್ಣೆ ತಿಕ್ಕಿದೆ. ಹುತ್ತರಿಯ ದಿನ ಅಜ್ಜ ಅದನ್ನು ಎತ್ತಿ ಕೆನ್ನೆಗಿಟ್ಟು ಗುಂಡು ಹಾರಿಸಿದರು, ಮಾತೇನೂ ಆಡಲಿಲ್ಲ, ಒಳಗಿಡುವಾಗ ನಳಿಗೆ ಕೆಳಗೆ ಮಾಡಿ ಇಟ್ಟರು.

ಕಾಡುಪ್ರಾಣಿ ಬೇಟೆ 1972ರ ಕಾಯಿದೆಯಿಂದ ನಿಂತುಹೋಗಿದೆ. ಈಗ ಆ ಕೋವಿಗೆ ಕೆಲಸವೆಂದರೆ ಹಬ್ಬದ ದಿನ ತೆಂಗಿನಕಾಯಿಗೆ ಗುರಿ ಇಡುವುದು, ಊರಿನ ಸಾವಿಗೆ ಎರಡು ಗುಂಡು ಹಾರಿಸುವುದು. ಕೆನ್ನೆ ಆನಿಸುವ ಜಾಗ ಮತ್ತೆ ಸ್ವಲ್ಪ ಕಪ್ಪಗಾಗತೊಡಗಿದೆ. ಮೊಮ್ಮಗ ಕಳೆದ ಸಲ ಅದನ್ನು ನೋಡಿ, "ತಾತ, ಇದನ್ನ ಉಜ್ಜಿ ಹೊಸದು ಮಾಡೋಣ್ವಾ?" ಅಂದ. ಅವನ ಅಂಗೈಗೆ ಎರಡು ಹನಿ ಎಣ್ಣೆ ಹಾಕಿದೆ. ಈ ವರ್ಷದ ಎಣ್ಣೆ ಇನ್ನೂ ಆಗಿಲ್ಲ. ಎರಡು ದಿನ ಬಿಸಿಲು ಬರಲಿ ಎಂದು ಇಬ್ಬರೂ ಕಾಯುತ್ತಿದ್ದೇವೆ.